ಸ್ವಂತ ಸರ್ವರುಗಳೂ ಬಾಟುಗಳ ನಿವಾರಣೆಯೂ: ಒಂದು ಚಾರಿತ್ರಿಕ ವಿಮರ್ಶೆ

೧

ತನ್ನ ಬರಹಗಳನ್ನು ಪರರ ಆಶ್ರಯದಲ್ಲಿರಿಸದೆ ಸ್ವಂತ ಯಂತ್ರದಲ್ಲಿಯೇ ಇರಿಸಿ ಲೋಕಕ್ಕೆ ತಾನೇ ಒದಗಿಸಬೇಕೆಂಬ ಹಂಬಲವುಳ್ಳವರು ವಿಶ್ವವ್ಯಾಪಿ ಜಾಲದ ಮೊದಲ ದಿನಗಳಿಂದಲೂ ಇದ್ದಾರೆ. ಕೇಳಿದವರಿಗೆ ಕೇಳಿದ ಪುಟವನ್ನು ಕಳುಹಿಸಿಕೊಡುವ ಇಂಥ ಯಂತ್ರಕ್ಕೂ ಅದರಲ್ಲಿ ಆ ಕೆಲಸವನ್ನು ಮಾಡುವ ತಂತ್ರಾಂಶಕ್ಕೂ ಸರ್ವರ್ ಎಂಬ ಒಂದೇ ಹೆಸರು ರೂಢಿಯಲ್ಲಿದೆ. ಬೇಡಿಕೆ ಬಂದ ಕಾಲ, ಬೇಡಿದವರ ವಿಳಾಸ, ಅವರು ಹೇಳಿಕೊಂಡ ಹೆಸರು, ಬೇಡಿದ ಪುಟ, ಕೊಟ್ಟ ಉತ್ತರ, ಇಷ್ಟನ್ನೂ ಸರ್ವರು ಲಾಗ್ ಎಂಬ ತನ್ನ ದಿನವಹಿಯಲ್ಲಿ ಸಾಲುಸಾಲಾಗಿ ಬರೆದಿಡುತ್ತದೆ. ಸಣ್ಣ ತಾಣವೊಂದರ ಈ ದಿನವಹಿಯನ್ನು ತೆರೆದು ನೋಡಿದರೆ ಓದುಗರಿಗಿಂತ ಬಾಟುಗಳ ಹೆಜ್ಜೆಗಳೇ ಹೆಚ್ಚಾಗಿ ಕಾಣುವುದು ಇಂದು ಸಾಮಾನ್ಯವಾಗಿದೆ. ಬಾಟ್ ಎಂದರೆ ಮನುಷ್ಯನ ಕೈಯಾಸರೆಯಿಲ್ಲದೆ ತಾನಾಗಿಯೇ ಪುಟದಿಂದ ಪುಟಕ್ಕೆ ಸಂಚರಿಸಿ ಅವುಗಳ ಪ್ರತಿಯನ್ನು ಸಂಗ್ರಹಿಸುವ ತಂತ್ರಾಂಶ. ಇವುಗಳಲ್ಲಿ ಕೆಲವು ಕರೆಯದಿದ್ದರೂ ಉಪಕಾರಮಾಡುವ ಅತಿಥಿಗಳು. ಕೆಲವು ಬಾಗಿಲು ಸಡಿಲವಾಗಿದೆಯೇ ಎಂದು ತಳ್ಳಿ ನೋಡುವವು. ಮತ್ತೆ ಕೆಲವು ಕಣಜವನ್ನೇ ಹೊತ್ತುಕೊಂಡು ಹೋಗತಕ್ಕವು.

ಬೇಡವಾದ ಬಾಟುಗಳನ್ನು ತಡೆಯುವ ಉಪಾಯಗಳ ಚರಿತ್ರೆಯನ್ನು ಹೇಳುವವರು ಸಾಧಾರಣವಾಗಿ ಒಂದು ಕ್ರಮವನ್ನು ಅನುಸರಿಸುತ್ತಾರೆ. ೧೯೯೪ನೆಯ ಇಸವಿಯಲ್ಲಿ ‘ರೋಬಾಟ್ಸ್.ಟೆಕ್ಸ್ಟ್’ ಎಂಬ ಕಡತದ ರೂಪದಲ್ಲಿ ಒಂದು ಬೀಗವನ್ನು ಕಲ್ಪಿಸಲಾಯಿತೆಂದೂ, ಅದು ದುರ್ಬಲವಾಗಿದ್ದುದರಿಂದ ಕಾಲಕ್ರಮದಲ್ಲಿ ಮುರಿಯಿತೆಂದೂ, ಅದರ ಸ್ಥಾನದಲ್ಲಿ ಬಲವಾದ ಬೀಗಗಳು ಬಂದುವೆಂದೂ ಅವರ ಅಭಿಪ್ರಾಯ. ಈ ಅಭಿಪ್ರಾಯವು ಮೂಲಸಂಗತಿಗಳಿಗೆ ಹೊಂದುವಂತೆ ತೋರುವುದಿಲ್ಲ. ಆ ಕಡತವನ್ನು ರಚಿಸಿದವರು ಅದನ್ನು ಬೀಗವೆಂದು ಎಂದೂ ಹೇಳಲಿಲ್ಲ. ಅದು ಹೊಲದ ಅಂಚಿನಲ್ಲಿ ನೆಟ್ಟ ಗಡಿಕಲ್ಲಿನಂಥದು; ದಾಟಲೆಣಿಸಿದವನನ್ನು ಕಲ್ಲು ತಡೆಯಲಾರದು. ಹೀಗಿದ್ದೂ ಈ ಕಲ್ಲಿಗೆ ಬಹುಕಾಲ ಮನ್ನಣೆ ಹೇಗೆ ದೊರೆಯಿತು, ಆ ಮನ್ನಣೆ ಏಕೆ ಕುಗ್ಗಿತು, ಕುಗ್ಗಿದುದರಿಂದ ಸ್ವಂತ ಸರ್ವರನ್ನು ನಡೆಸುವವನಿಗೂ ಓದುಗನಿಗೂ ಒದಗಿದ ನಷ್ಟವೇನು ಎಂಬ ಮೂರು ಪ್ರಶ್ನೆಗಳು ಇಲ್ಲಿ ವಿಚಾರಣೀಯವಾಗಿವೆ.

೨

ಜಾಲದ ಮೊದಲನೆಯ ಸರ್ವರು ಒಬ್ಬನ ಮೇಜಿನ ಮೇಲಿದ್ದ ಯಂತ್ರವೇ ಆಗಿತ್ತು. ಜಿನೀವಾ ನಗರದ ಬಳಿಯ ಸೆರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬವರು ೧೯೮೯ನೆಯ ಮಾರ್ಚಿಯಲ್ಲಿ ತಮ್ಮ ಯೋಜನೆಯನ್ನು ಬರೆದೊಪ್ಪಿಸಿದರು. ೧೯೯೦ನೆಯ ಇಸವಿಯ ಕೊನೆಯ ವೇಳೆಗೆ ನೆಕ್ಸ್ಟ್ ಎಂಬ ಕಂಪನಿಯ ಗಣಕವೊಂದರಲ್ಲಿ ಸರ್ವರು ನಡೆಯತೊಡಗಿತ್ತು. ಈ ಯಂತ್ರವು ಸರ್ವರಾಗಿರುವುದರಿಂದ ಯಾರೂ ಇದನ್ನು ಆರಿಸಬಾರದೆಂದು ಕೈಯಿಂದ ಬರೆದ ಚೀಟಿಯೊಂದನ್ನು ಅದಕ್ಕೆ ಅಂಟಿಸಲಾಗಿತ್ತು. ಮುಂದಿನ ಚರಿತ್ರೆಯನ್ನು ನೋಡಿದರೆ ಈ ಚೀಟಿ ಕೇವಲ ಕುತೂಹಲದ ವಸ್ತುವಲ್ಲವೆಂದು ತಿಳಿಯುತ್ತದೆ. ಸರ್ವರಿನ ರಕ್ಷಣೆಗೆ ಮೊದಲು ಒದಗಿದ ಸಾಧನವು ಅಕ್ಕಪಕ್ಕದವರನ್ನು ಕುರಿತು ಬರೆದ ಒಂದು ವಿಜ್ಞಾಪನೆಯಾಗಿತ್ತು. ಅಕ್ಕಪಕ್ಕದವರು ಓದಬಲ್ಲವರೂ ಒಪ್ಪತಕ್ಕವರೂ ಆಗಿದ್ದುದರಿಂದ ಅದು ಸಾಕಾಗಿತ್ತು.

೧೯೯೩ನೆಯ ಏಪ್ರಿಲ್ ೩೦ರಂದು ಸೆರ್ನ್ ಸಂಸ್ಥೆಯು ಜಾಲದ ತಂತ್ರಾಂಶವನ್ನು ಸರ್ವಜನರ ಸ್ವತ್ತಾಗಿ ಬಿಟ್ಟುಕೊಟ್ಟಿತು. ಅಂದಿನಿಂದ ಯಂತ್ರವೂ ತಂತಿಯ ಸಂಪರ್ಕವೂ ಉಳ್ಳ ಯಾರಾದರೂ ಯಾರ ಅಪ್ಪಣೆಯನ್ನೂ ಬೇಡದೆ, ಯಾರಿಗೂ ಕಪ್ಪಕಾಣಿಕೆಯನ್ನು ತೆರದೆ ಸರ್ವರನ್ನು ಸ್ಥಾಪಿಸಬಹುದಾಯಿತು. ಅದೇ ವರ್ಷದ ಜೂನಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾಸಂಸ್ಥೆಯ ಮ್ಯಾಥ್ಯೂ ಗ್ರೇ ಎಂಬವರು ಜಾಲವು ಎಷ್ಟು ದೊಡ್ಡದೆಂದು ಅಳೆಯುವುದಕ್ಕಾಗಿ ‘ವಾಂಡರರ್’, ಎಂದರೆ ಅಲೆಮಾರಿ, ಎಂಬ ಹೆಸರಿನ ತಂತ್ರಾಂಶವನ್ನು ರಚಿಸಿದರು. ಜಾಲದಲ್ಲಿ ಸಂಚರಿಸಿದ ಮೊದಲನೆಯ ಬಾಟು ಇದೇ ಎಂದು ಎಣಿಸುವುದು ವಾಡಿಕೆ. ಗ್ರೇಯವರ ಲೆಕ್ಕದಂತೆ ಆ ಜೂನಿನಲ್ಲಿ ೧೩೦ ತಾಣಗಳಿದ್ದುವು, ಡಿಸೆಂಬರಿನಲ್ಲಿ ೬೨೩, ಮರುವರ್ಷದ ಜೂನಿನಲ್ಲಿ ೨,೭೩೮. ಈ ಅಲೆಮಾರಿಯ ಮೊದಲ ರೂಪಗಳು ಒಂದೇ ಪುಟವನ್ನು ದಿನಕ್ಕೆ ನೂರಾರು ಸಲ ಕೇಳಿ ಸರ್ವರುಗಳನ್ನು ದಣಿಸಿದುವೆಂದು ದೂರು ಹುಟ್ಟಿತು. ಅಳೆಯಲು ಬಂದವನ ಕಾಲ್ತುಳಿತದಿಂದಲೇ ಬೆಳೆ ಹಾಳಾದಂತಾಯಿತು. ೧೯೯೩ನೆಯ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಜೊನಾಥನ್ ಫ್ಲೆಚರ್ ಎಂಬವರು ‘ಜಂಪ್‌ಸ್ಟೇಷನ್’ ಎಂಬ ಶೋಧಯಂತ್ರವನ್ನು ಕಟ್ಟಿದರು. ಬಾಟು ತಂದ ಪುಟಗಳಿಂದ ಅಕಾರಾದಿಯೊಂದನ್ನು ಸಿದ್ಧಪಡಿಸಿ ಓದುಗರ ಕೈಗೆ ಕೊಡುವ ಪದ್ಧತಿ ಇದರಲ್ಲಿ ಸ್ಪಷ್ಟವಾಯಿತು. ಹೀಗೆ ಬಾಟಿನ ಉಪದ್ರವವೂ ಉಪಕಾರವೂ ಒಂದೇ ವರ್ಷದಲ್ಲಿ ಪ್ರಕಟವಾದುವು.

೩

ಆ ಕಾಲದಲ್ಲಿ ಇಂಗ್ಲೆಂಡಿನ ನೆಕ್ಸಾರ್ ಎಂಬ ಸಂಸ್ಥೆಯಲ್ಲಿದ್ದ ಮಾರ್ಟೈನ್ ಕಾಸ್ಟರ್ ಎಂಬವರು ಇಂಥ ಉಪದ್ರವಕ್ಕೆ ಗುರಿಯಾದವರಲ್ಲೊಬ್ಬರು. ಮುಂದೆ ಕಾದಂಬರಿಕಾರರಾಗಿ ಪ್ರಸಿದ್ಧರಾದ ಚಾರ್ಲ್ಸ್ ಸ್ಟ್ರಾಸ್ ಎಂಬವರು, ತಾವು ಬರೆದ ಶಿಸ್ತಿಲ್ಲದ ಬಾಟೊಂದು ಕಾಸ್ಟರರ ಸರ್ವರನ್ನು ಅರಿಯದೆ ಮುಳುಗಿಸಿತೆಂದೂ ಅದೇ ಈ ನಿಯಮಕ್ಕೆ ಪ್ರೇರಣೆಯಾಯಿತೆಂದೂ ಹೇಳಿಕೊಂಡಿದ್ದಾರೆ. ಕಾಸ್ಟರರು ೧೯೯೪ನೆಯ ಫೆಬ್ರವರಿಯಲ್ಲಿ ತಮ್ಮ ಸಲಹೆಯನ್ನು ಸಹೋದ್ಯೋಗಿಗಳ ಮುಂದಿಟ್ಟರು. ಬಾಟುಗಳನ್ನು ಬರೆಯುವವರೂ ಅವುಗಳಿಂದ ಬಾಧಿತರಾದವರೂ ಕೂಡಿ ಚರ್ಚಿಸಿ ಜೂನ್ ೩೦ರಂದು ಏಕಾಭಿಪ್ರಾಯಕ್ಕೆ ಬಂದರು.

ಆ ನಿಯಮದ ಸ್ವರೂಪವು ಅತಿ ಸರಳವಾದುದು. ಸರ್ವರಿನ ಒಡೆಯನು ತಾಣದ ಮೂಲಸ್ಥಾನದಲ್ಲಿ ‘ರೋಬಾಟ್ಸ್.ಟೆಕ್ಸ್ಟ್’ ಎಂಬ ಕಡತವನ್ನಿರಿಸಬೇಕು. ಅದರಲ್ಲಿ ಒಂದು ಸಾಲಿನಲ್ಲಿ ‘ಯೂಸರ್-ಏಜೆಂಟ್’ ಎಂದು ಬರೆದು ಬಾಟಿನ ಹೆಸರನ್ನೂ, ಮುಂದಿನ ಸಾಲಿನಲ್ಲಿ ‘ಡಿಸಲೌ’ ಎಂದು ಬರೆದು ಅದು ಪ್ರವೇಶಿಸಬಾರದ ದಾರಿಯನ್ನೂ ಸೂಚಿಸಬೇಕು. ಹೆಸರಿಗೆ ಬದಲಾಗಿ ನಕ್ಷತ್ರಚಿಹ್ನೆಯನ್ನಿಟ್ಟರೆ ನಿಷೇಧವು ಎಲ್ಲ ಬಾಟುಗಳಿಗೂ ಸಲ್ಲುತ್ತದೆ. ಬಾಟು ಬೇರೆ ಯಾವ ಪುಟವನ್ನು ಕೇಳುವುದಕ್ಕೂ ಮೊದಲು ಈ ಕಡತವನ್ನು ಕೇಳಿ ಓದಿ ಅದರಂತೆ ನಡೆಯತಕ್ಕದ್ದು. ಬಾಟುಗಳು ಎಡೆಬಿಡದೆ ಬೇಡಿಕೆಗಳನ್ನು ಸುರಿದುದು, ಅದೇ ಕಡತಗಳನ್ನು ಮತ್ತೆ ಮತ್ತೆ ಒಯ್ದುದು, ಮತಗಣನೆಯಂಥ ಕಾರ್ಯಗಳನ್ನು ನಡೆಸುವ ಪುಟಗಳನ್ನು ತಿಳಿಯದೆ ಮುಟ್ಟಿದುದು, ಇವು ಈ ನಿಯಮಕ್ಕೆ ಕಾರಣಗಳೆಂದು ಆ ಲೇಖ್ಯದಲ್ಲಿಯೇ ಹೇಳಿದೆ. ಇದು ಯಾವ ಅಧಿಕೃತ ಮಂಡಲಿಯ ವಿಧಿಯೂ ಅಲ್ಲವೆಂದೂ, ಇದನ್ನು ಬಲಾತ್ಕಾರವಾಗಿ ನಡೆಸುವವರು ಯಾರೂ ಇಲ್ಲವೆಂದೂ, ಎಲ್ಲ ಬಾಟುಗಳೂ ಪಾಲಿಸುವುವೆಂಬ ಭರವಸೆಯಿಲ್ಲವೆಂದೂ ಅದರಲ್ಲಿ ಸ್ಪಷ್ಟವಾಗಿದೆ. ಬೀಗವೆಂಬ ವಾದವು ನಿಲ್ಲದಿರುವುದಕ್ಕೆ ಇದೊಂದೇ ಆಧಾರ ಸಾಕು.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ, ಸಂವಿದ್ವ್ಯತಿಕ್ರಮವೆಂಬ ಪ್ರಕರಣದಲ್ಲಿ, ಸಮೂಹದವರು ತಮ್ಮೊಳಗೆ ಒಡಂಬಟ್ಟು ಮಾಡಿಕೊಂಡ ಸಾಮಯಿಕಧರ್ಮವನ್ನೂ ಅರಸನು ವಿಧಿಸಿದ ರಾಜಕೃತಧರ್ಮವನ್ನೂ ಬೇರೆಬೇರೆಯಾಗಿ ಹೇಳಿ ಎರಡನ್ನೂ ಕಾಪಾಡಬೇಕೆಂದು ವಿಧಿಸಿದೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯು ಈ ಸ್ಮೃತಿಯ ವ್ಯಾಖ್ಯಾನವೇ ಆದುದರಿಂದ ಕನ್ನಡ ವಿದ್ವಾಂಸರಿಗೆ ಈ ವಿಭಾಗವು ಅಪರಿಚಿತವಲ್ಲ. ಈ ಪರಿಭಾಷೆಯಲ್ಲಿ ಹೇಳುವುದಾದರೆ ಕಾಸ್ಟರರ ನಿಯಮವು ಶುದ್ಧವಾದ ಸಮಯ, ರಾಜಕೃತವಲ್ಲ. ಆದರೆ ಒಂದು ವ್ಯತ್ಯಾಸವನ್ನು ಮರೆಯಲಾಗದು. ಸ್ಮೃತಿಕಾರನು ಸಂವಿದವನ್ನು ಮೀರಿದವನ ಸರ್ವಸ್ವವನ್ನು ಕಿತ್ತುಕೊಂಡು ರಾಷ್ಟ್ರದಿಂದ ಹೊರಗಟ್ಟಬೇಕೆನ್ನುತ್ತಾನೆ. ಸಮಯದ ಹಿಂದೆ ಅರಸನ ದಂಡವುಂಟು. ೧೯೯೪ನೆಯ ಸಮಯದ ಹಿಂದೆ ಯಾವ ದಂಡವೂ ಇರಲಿಲ್ಲ.

ಇದರೊಡನೆ ಮತ್ತೊಂದು ಸಂಗತಿಯನ್ನೂ ಗಮನಿಸಬೇಕು. ನಿಯಮದ ಕಡತವು ಸರ್ವರಿಗೆ ಒಂದೇ. ಆದುದರಿಂದ ಅದನ್ನು ಬರೆಯುವ ಅಧಿಕಾರವು ಸರ್ವರಿನ ಆಡಳಿತಗಾರನಿಗೆ ಮಾತ್ರ ಉಂಟು, ಅದರಲ್ಲಿ ಪುಟಗಳನ್ನಿರಿಸಿದ ಇತರರಿಗೆ ಇಲ್ಲ. ಇದೊಂದು ಕೊರತೆಯೆಂದು ಮೂಲಲೇಖ್ಯವೇ ಒಪ್ಪಿಕೊಂಡಿದೆ. ಪರರ ಸರ್ವರಿನಲ್ಲಿ ಬಾಡಿಗೆಗಿದ್ದವನಿಗೆ ತನ್ನ ಪುಟಗಳ ಗಡಿಯನ್ನು ಈ ಕಡತದ ಮೂಲಕ ತಾನೇ ಗುರುತಿಸುವ ಹಕ್ಕಿರಲಿಲ್ಲ. ಸ್ವಂತ ಸರ್ವರುಳ್ಳವನಿಗೆ ಇತ್ತು. ಕಾಸ್ಟರರೇ ೧೯೯೩ನೆಯ ಇಸವಿಯ ಕೊನೆಯಲ್ಲಿ ಪ್ರಕಟಿಸಿದ ‘ಅಲಿವೆಬ್’ ಎಂಬ ಸೂಚಿಯಲ್ಲಿಯೂ ಬಾಟು ಎಲ್ಲೆಂದರಲ್ಲಿ ಅಲೆಯುತ್ತಿರಲಿಲ್ಲ. ತಾಣದ ಒಡೆಯನೇ ತನ್ನ ಪುಟಗಳ ವಿವರಣೆಯನ್ನು ಬರೆದು ಒಪ್ಪಿಸುತ್ತಿದ್ದನು. ಬೇಕಾದುದನ್ನು ಹೇಳುವುದೂ ಬೇಡವಾದುದನ್ನು ಹೇಳುವುದೂ ಮನೆಯ ಒಡೆಯನಿಗೇ ಸೇರಿದ್ದೆಂಬ ಒಂದೇ ತತ್ತ್ವ ಈ ಎರಡು ರಚನೆಗಳಲ್ಲಿಯೂ ಕಾಣುತ್ತದೆ.

೪

ದಂಡವಿಲ್ಲದ ಈ ಸಮಯಕ್ಕೆ ಮನ್ನಣೆ ದೊರೆತುದಕ್ಕೆ ಎರಡು ಕಾರಣಗಳು ಕಂಡುಬರುತ್ತವೆ. ಮೊದಲನೆಯದು ಸಮಾಜದ ಕಿರಿದುತನ. ಬಾಟುಗಳನ್ನು ನಡೆಸುವವರು ಬೆರಳೆಣಿಕೆಯ ಮಂದಿಯಾಗಿದ್ದು ಒಬ್ಬರನ್ನೊಬ್ಬರು ಹೆಸರಿನಿಂದ ಬಲ್ಲವರಾಗಿದ್ದರು. ಎರಡನೆಯದು ಕೊಡುಕೊಳೆ. ೧೯೯೫ನೆಯ ಡಿಸೆಂಬರಿನಲ್ಲಿ ಆಲ್ಟಾವಿಸ್ಟಾ ಎಂಬ ಶೋಧಯಂತ್ರವು ಸಾರ್ವಜನಿಕರಿಗೆ ತೆರೆದಿತ್ತು. ೧೯೯೮ರಲ್ಲಿ ಗೂಗಲ್ ಸಂಸ್ಥೆ ಸ್ಥಾಪಿತವಾಯಿತು. ಇಂಥ ಶೋಧಯಂತ್ರದ ಬಾಟು ಪುಟವನ್ನು ಒಯ್ದು ಅದಕ್ಕೆ ಪ್ರತಿಯಾಗಿ ಓದುಗರನ್ನು ಕಳುಹಿಸುತ್ತಿತ್ತು. ಎಲ್ಲಿಯೋ ಮೂಲೆಯಲ್ಲಿರುವ ಸ್ವಂತ ಸರ್ವರಿಗೆ ಅಪರಿಚಿತ ಓದುಗನು ಬರುವುದಕ್ಕೆ ಅದೇ ಹೆದ್ದಾರಿಯಾಯಿತು. ಒಡೆಯನಿಗೆ ಬಾಟು ಬೇಕಾಗಿತ್ತು. ಬಾಟಿಗೆ ಒಡೆಯನ ಸದ್ಭಾವ ಬೇಕಾಗಿತ್ತು.

ಆದರೂ ಆ ಕಾಲದಲ್ಲಿಯೂ ಎಲ್ಲರೂ ಸಮಯವನ್ನು ಬಲ್ಲವರಾಗಿರಲಿಲ್ಲ. ಗೂಗಲನ್ನು ಕಟ್ಟಿದ ಸರ್ಗೇ ಬ್ರಿನ್ ಮತ್ತು ಲ್ಯಾರಿ ಪೇಜ್ ಎಂಬವರು ೧೯೯೮ರ ತಮ್ಮ ಪ್ರಬಂಧದಲ್ಲಿ, ಐದು ಲಕ್ಷಕ್ಕೂ ಮಿಕ್ಕಿದ ಸರ್ವರುಗಳನ್ನು ಸಂದರ್ಶಿಸುವ ಬಾಟನ್ನು ನಡೆಸಿದರೆ ಪತ್ರಗಳೂ ದೂರವಾಣಿಯ ಕರೆಗಳೂ ತಪ್ಪಿದ್ದಲ್ಲವೆಂದು ಬರೆದಿದ್ದಾರೆ. ಅಷ್ಟೊಂದು ಪುಟಗಳನ್ನು ನೋಡಿದವರು ಯಾರೋ ಸಹೃದಯರೆಂದು ಭಾವಿಸಿ, ತಮ್ಮ ತಾಣವು ಹೇಗೆನಿಸಿತೆಂದು ಕೇಳಿ ಬರೆದವರುಂಟು. ಹಕ್ಕುಗಳನ್ನು ಕಾದಿರಿಸಿದೆ, ಸೂಚಿಗೆ ಸೇರಿಸಬಾರದು ಎಂದು ಪುಟದಲ್ಲಿಯೇ ಬರೆದು ಬಾಟು ಅದನ್ನು ಓದಿ ಅರ್ಥಮಾಡಿಕೊಳ್ಳುವುದೆಂದು ನಂಬಿದವರೂ ಉಂಟು. ಜಾಲದಲ್ಲಿ ನಡೆಯುತ್ತಿದ್ದ ಆಟವೊಂದರ ನಡುವೆ ಅವರ ಬಾಟು ಹೊಕ್ಕು ಅರ್ಥವಿಲ್ಲದ ಸಂದೇಶಗಳನ್ನು ತುಂಬಿದುದನ್ನೂ ಅವರು ಮರೆಮಾಚಿಲ್ಲ. ತನ್ನ ದಿನವಹಿಯನ್ನು ತಾನೇ ಓದುತ್ತಿದ್ದ ಸಣ್ಣ ಒಡೆಯನ ಚಿತ್ರವು ಈ ಉಲ್ಲೇಖಗಳಲ್ಲಿ ಉಳಿದಿದೆ.

ಕೊಡುಕೊಳೆಯಿಲ್ಲದೆಡೆ ವ್ಯಾಜ್ಯವು ನ್ಯಾಯಾಲಯವನ್ನು ಸೇರಿತು. ಹರಾಜಿನ ತಾಣವಾದ ಈಬೇ ಸಂಸ್ಥೆಯ ಪುಟಗಳನ್ನು ಬಿಡ್ಡರ್ಸ್ ಎಡ್ಜ್ ಎಂಬ ಸಂಸ್ಥೆಯ ಬಾಟು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಕೇಳುತ್ತಿತ್ತು. ಈಬೇ ೧೬೯ ವಿಳಾಸಗಳನ್ನು ತಡೆಯಿತು; ಎದುರಾಳಿಯು ಮಧ್ಯವರ್ತಿ ಯಂತ್ರಗಳ ಮರೆಯಿಂದ ಬೇರೆ ವಿಳಾಸಗಳ ಮೂಲಕ ಮುಂದುವರಿಯಿತು. ೨೦೦೦ನೆಯ ಮೇ ತಿಂಗಳಿನಲ್ಲಿ ಕ್ಯಾಲಿಫೋರ್ನಿಯದ ಸಂಯುಕ್ತ ಜಿಲ್ಲಾ ನ್ಯಾಯಾಲಯವು, ಒಬ್ಬರ ಚರಸ್ವತ್ತಿನ ಮೇಲೆ ಅತಿಕ್ರಮಣಮಾಡುವುದನ್ನು ಕುರಿತ ಹಳೆಯ ನ್ಯಾಯವನ್ನು ಇಲ್ಲಿಗೆ ಅನ್ವಯಿಸಿ ತಾತ್ಕಾಲಿಕ ತಡೆಯಾಜ್ಞೆಯನ್ನು ನೀಡಿತು. ಆದರೆ ೨೦೦೩ರಲ್ಲಿ ಅದೇ ರಾಜ್ಯದ ಪರಮೋಚ್ಚ ನ್ಯಾಯಾಲಯವು, ವಿದ್ಯುನ್ಮಾನ ಪತ್ರಗಳ ವಿಷಯವಾದ ಬೇರೊಂದು ವ್ಯಾಜ್ಯದಲ್ಲಿ, ಯಂತ್ರಕ್ಕಾಗಲಿ ಅದರ ಕಾರ್ಯಕ್ಕಾಗಲಿ ಹಾನಿಯಿಲ್ಲದಿದ್ದರೆ ಆ ನ್ಯಾಯವು ಸಲ್ಲದೆಂದು ತೀರ್ಮಾನಿಸಿತು. ದೊಡ್ಡ ಸಂಸ್ಥೆಗೇ ಇಷ್ಟು ಅನಿಶ್ಚಿತವಾದ ಈ ದಾರಿಯು ಮನೆಯಲ್ಲಿ ಸರ್ವರನ್ನಿಟ್ಟವನಿಗೆ ತೆರೆದಿತ್ತೆನ್ನುವುದು ಕಷ್ಟ.

೫

ಸಮಯಕ್ಕೆ ಮೊದಲಿನಿಂದಲೂ ಒಳಪಡದವರ ವರ್ಗವೊಂದಿತ್ತು. ೧೯೯೫ರಲ್ಲಿ ಪ್ರಕಟವಾದ ಅಪಾಚೆ ಎಂಬ ಉಚಿತ ತಂತ್ರಾಂಶದಿಂದ ಸ್ವಂತ ಸರ್ವರನ್ನು ನಡೆಸುವುದು ಸುಲಭವಾಯಿತು. ಅದರ ದಿನವಹಿಗಳೇ ಈ ವರ್ಗದ ಚರಿತ್ರೆಗೆ ಮುಖ್ಯ ಆಕರ. ೨೦೦೧ನೆಯ ಜುಲೈ ೧೯ರಂದು ‘ಕೋಡ್ ರೆಡ್’ ಎಂಬ ಹುಳುವು ಹದಿನಾಲ್ಕು ಗಂಟೆಗಳಿಗೂ ಕಡಿಮೆಯ ಅವಧಿಯಲ್ಲಿ ೩,೫೯,೦೦೦ಕ್ಕೂ ಹೆಚ್ಚು ಯಂತ್ರಗಳನ್ನು ಹೊಕ್ಕಿತು. ಅದು ತಗಲುತ್ತಿದ್ದುದು ಮೈಕ್ರೊಸಾಫ್ಟ್ ಸಂಸ್ಥೆಯ ಸರ್ವರಿಗೆ ಮಾತ್ರ. ಆದರೂ ಅದು ಎದುರಿಗೆ ಯಾವ ಸರ್ವರಿದೆಯೆಂದು ವಿಚಾರಿಸದೆ ಸಿಕ್ಕಿದ ವಿಳಾಸಗಳ ಬಾಗಿಲನ್ನೆಲ್ಲ ತಟ್ಟಿದುದರಿಂದ, ಅಪಾಚೆಯ ದಿನವಹಿಗಳಲ್ಲಿಯೂ ‘ಎನ್’ ಎಂಬ ಒಂದೇ ಅಕ್ಷರವು ಉದ್ದಕ್ಕೆ ಪುನರಾವೃತ್ತವಾದ ವಿಚಿತ್ರ ಬೇಡಿಕೆಗಳು ತುಂಬಿಹೋದುವು.

ತನ್ನ ವಿಳಾಸವನ್ನು ಯಾರಿಗೂ ಹೇಳದಿದ್ದರೆ ಬಾಟುಗಳು ಬಾರವೆಂಬ ನಂಬಿಕೆಯು ಬಹುಕಾಲ ಇತ್ತು. ೨೦೧೩ರಲ್ಲಿ ಅದು ಪೂರ್ಣವಾಗಿ ಕುಸಿಯಿತು. ಜಾಲದ ನಾಲ್ಕನೆಯ ಆವೃತ್ತಿಯ ವಿಳಾಸಗಳ ಒಟ್ಟು ಸಂಖ್ಯೆ ಸುಮಾರು ೪೨೯ ಕೋಟಿ. ಮಿಷಿಗನ್ ವಿಶ್ವವಿದ್ಯಾಲಯದ ವಿದ್ವಾಂಸರು ಆ ವರ್ಷ ಪ್ರಕಟಿಸಿದ ‘ಜೀಮ್ಯಾಪ್’ ಎಂಬ ಸಾಧನವು ಒಂದೇ ಯಂತ್ರದಿಂದ ಈ ಇಡೀ ವಿಳಾಸರಾಶಿಯನ್ನು ೪೫ ನಿಮಿಷಗಳೊಳಗೆ ತಟ್ಟಿನೋಡಬಲ್ಲುದಾಗಿತ್ತು. ಅಲ್ಲದೆ ತಾಣದ ಹೆಸರಿಗೆ ಭದ್ರತಾಪತ್ರವನ್ನು ಪಡೆದೊಡನೆ ಆ ಹೆಸರು ಸಾರ್ವಜನಿಕ ದಾಖಲೆಯಲ್ಲಿ ಸೇರುವ ಪದ್ಧತಿಯು ಈಗ ನಡೆಯುತ್ತಿದ್ದು, ಹೊಸ ಹೆಸರುಗಳಿಗಾಗಿ ಆ ದಾಖಲೆಯನ್ನೇ ಕಾದುಕೊಂಡಿರುವ ಬಾಟುಗಳುಂಟು. ಹೀಗಾಗಿ ಒಂದು ಓದುಗನೂ ತಿಳಿಯದ ಸರ್ವರನ್ನು ಬಾಟು ತಿಳಿದಿರುತ್ತದೆ. ವರ್ಡ್‌ಪ್ರೆಸ್ ಇಲ್ಲದ ತಾಣದಲ್ಲಿಯೂ ವರ್ಡ್‌ಪ್ರೆಸ್ಸಿನ ಪ್ರವೇಶಪುಟವನ್ನು ಕೇಳುತ್ತದೆ.

ಇಂಥವರ ವಿಷಯದಲ್ಲಿ ಒಡೆಯರು ಕೈಗೊಂಡ ಉಪಾಯಗಳನ್ನು ಮೂರಾಗಿ ವಿಂಗಡಿಸಬಹುದು. ಹೆಸರನ್ನೋ ವಿಳಾಸವನ್ನೋ ನೋಡಿ ತಡೆಯುವುದು ಮೊದಲನೆಯದು. ತಡೆಯಲ್ಪಟ್ಟವನಿಗೆ ನಿಷಿದ್ಧವೆಂದು ತಿಳಿಸುವ ೪೦೩ನೆಯ ಸಂಖ್ಯೆಯ ಉತ್ತರ ಹೋಗುತ್ತದೆ. ನಡತೆಯನ್ನು ನೋಡಿ ತಡೆಯುವುದು ಎರಡನೆಯದು. ೨೦೦೪ರಲ್ಲಿ ಆರಂಭವಾದ ‘ಫೇಲ್‌ಟುಬ್ಯಾನ್’ ಎಂಬ ತಂತ್ರಾಂಶವು ದಿನವಹಿಯನ್ನು ತಾನೇ ಓದುತ್ತ, ಮೇಲೆ ಮೇಲೆ ತಪ್ಪುಮಾಡಿದ ವಿಳಾಸಕ್ಕೆ ಕೆಲಕಾಲ ಬಾಗಿಲು ಮುಚ್ಚುತ್ತದೆ. ಬೇಡಿಕೆಗಳು ಅತಿಯಾದುವೆಂದು ಹೇಳುವುದಕ್ಕೇ ೨೦೧೨ರಲ್ಲಿ ೪೨೯ನೆಯ ಸಂಖ್ಯೆಯ ಉತ್ತರವು ಗೊತ್ತಾಯಿತು. ತಡೆಯದೆ ಸಿಕ್ಕಿಸಿಕೊಳ್ಳುವುದು ಮೂರನೆಯದು; ೨೦೦೧ರಲ್ಲಿ ಟಾಮ್ ಲಿಸ್ಟನ್ ಎಂಬವರು ಕೋಡ್ ರೆಡ್ ಹುಳುವಿಗೆ ಪ್ರತೀಕಾರವಾಗಿ ರಚಿಸಿದ ‘ಲಾಬ್ರೇಯ’ ಎಂಬ ಸಾಧನವು ಬಂದ ಸಂಪರ್ಕವನ್ನು ಬಿಡದೆ ಹಿಡಿದು ನಿಲ್ಲಿಸುತ್ತಿತ್ತು. ಪ್ರಾಚೀನ ಪ್ರಾಣಿಗಳು ಸಿಕ್ಕಿಬಿದ್ದ ಲಾಸ್ ಏಂಜಲೀಸ್ ನಗರದ ರಾಳದ ಮಡುವಿನ ಹೆಸರೇ ಅದಕ್ಕೆ ಬಂದಿದೆ.

ಇವುಗಳಲ್ಲಿ ಹೆಸರನ್ನು ನಂಬುವ ಉಪಾಯವು ಎಲ್ಲಕ್ಕಿಂತ ದುರ್ಬಲ. ಹೆಸರೆಂಬುದು ಬಂದವನು ತಾನೇ ಹೇಳಿಕೊಂಡದ್ದು. ಸುಳ್ಳುಹೆಸರಿನ ಅಭ್ಯಾಸವನ್ನು ಬಾಟುಗಳ ತಲೆಗೇ ಕಟ್ಟುವುದು ನ್ಯಾಯವಲ್ಲ: ೧೯೯೫ರಲ್ಲಿಯೇ ಮೈಕ್ರೊಸಾಫ್ಟ್ ಸಂಸ್ಥೆಯ ಬ್ರೌಸರು, ಪ್ರತಿಸ್ಪರ್ಧಿಯಾದ ನೆಟ್‌ಸ್ಕೇಪಿಗೆ ಮೀಸಲಾದ ಪುಟಗಳು ತನಗೂ ದೊರೆಯಲೆಂದು, ‘ಮೊಜಿಲ್ಲಾ’ ಎಂಬ ಅದರ ಹೆಸರನ್ನು ಹೇಳಿಕೊಳ್ಳುತ್ತಿತ್ತು. ಬಂದದ್ದು ನಿಜವಾಗಿ ತನ್ನ ಬಾಟೇ ಎಂದು ವಿಳಾಸದ ಮೂಲಕ ಪರೀಕ್ಷಿಸುವ ವಿಧಾನವನ್ನು ಗೂಗಲ್ ಸಂಸ್ಥೆಯು ೨೦೦೬ರಲ್ಲಿ ತಿಳಿಯಪಡಿಸಬೇಕಾಯಿತು. ಹೆಸರು ಸಾಲದೆ ಕುಲವನ್ನು ವಿಚಾರಿಸುವ ಕಾಲವು ಬಂದಿತ್ತು.

೬

ಕಾಸ್ಟರರ ಸಮಯವು ಲಿಖಿತ ಪ್ರಮಾಣವಾದದ್ದು ೨೮ ವರ್ಷಗಳ ತರುವಾಯ. ೨೦೨೨ನೆಯ ಸೆಪ್ಟೆಂಬರಿನಲ್ಲಿ ಅಂತರ್ಜಾಲದ ಪ್ರಮಾಣಲೇಖ್ಯಗಳ ಮಾಲೆಯಲ್ಲಿ ೯೩೦೯ನೆಯದಾಗಿ ಅದು ಪ್ರಕಟವಾಯಿತು. ಕಾಸ್ಟರರೂ ಅದರ ಕರ್ತೃಗಳಲ್ಲೊಬ್ಬರು. ಈ ನಿಯಮಗಳು ಪ್ರವೇಶಾಧಿಕಾರವನ್ನು ಕೊಡತಕ್ಕವಾಗಲಿ ತೆಗೆಯತಕ್ಕವಾಗಲಿ ಅಲ್ಲವೆಂಬ ಅರ್ಥದ ಮಾತು ಅಲ್ಲಿಯೂ ಇದೆ. ಲಿಖಿತವಾದರೂ ಅದು ಸಮಯವಾಗಿಯೇ ಉಳಿಯಿತು.

ಸಮಯವು ಗ್ರಂಥಸ್ಥವಾದ ಕಾಲದಲ್ಲಿಯೇ ಅದರ ಆಧಾರವಾದ ಕೊಡುಕೊಳೆ ಸಡಿಲವಾಗುತ್ತಿತ್ತು. ಭಾಷಾಮಾದರಿಗಳೆಂಬ ಕೃತಕಬುದ್ಧಿಯ ಯಂತ್ರಗಳನ್ನು ತರಬೇತುಗೊಳಿಸಲು ಅಪಾರವಾದ ಬರಹ ಬೇಕಾಗುತ್ತದೆ. ಶೋಧಯಂತ್ರವು ಪುಟವನ್ನು ಒಯ್ದು ಓದುಗನನ್ನು ಕಳುಹಿಸುತ್ತಿತ್ತು. ಭಾಷಾಮಾದರಿಯು ಪುಟವನ್ನು ಒಯ್ದು ಓದುಗನ ಪ್ರಶ್ನೆಗೆ ತಾನೇ ಉತ್ತರವನ್ನು ಹೇಳಬಲ್ಲುದು. ೨೦೨೩ನೆಯ ಆಗಸ್ಟಿನಲ್ಲಿ ಓಪನ್‌ಎಐ ಸಂಸ್ಥೆಯು ‘ಜಿಪಿಟಿಬಾಟ್’ ಎಂಬ ತನ್ನ ಬಾಟಿನ ಹೆಸರನ್ನೂ ಅದನ್ನು ನಿಷೇಧಿಸುವ ಕ್ರಮವನ್ನೂ ಪ್ರಕಟಿಸಿತು. ಅನೇಕ ವೃತ್ತಪತ್ರಿಕೆಗಳು ಕೂಡಲೆ ಆ ಹೆಸರನ್ನು ನಿಷೇಧದ ಪಟ್ಟಿಗೆ ಸೇರಿಸಿದುವು. ಇಲ್ಲಿಯವರೆಗೆ ಸಮಯವು ನಡೆಯಿತೆನ್ನಬೇಕು. ಆದರೆ ಹೆಸರು ಹೇಳದೆ, ಸಾಮಾನ್ಯ ಬ್ರೌಸರಿನ ವೇಷದಲ್ಲಿ, ಸಾವಿರಾರು ವಿಳಾಸಗಳಿಂದ ಒಂದೊಂದೇ ಬೇಡಿಕೆಯನ್ನು ಕಳುಹಿಸುವ ಬಾಟುಗಳು ಇದೇ ಕಾಲದಲ್ಲಿ ಹೆಚ್ಚಿದುವು. ವಿಳಾಸವನ್ನೂ ನಡತೆಯನ್ನೂ ನೋಡಿ ತಡೆಯುವ ಹಿಂದಿನ ಉಪಾಯಗಳು ಇವುಗಳ ಮುಂದೆ ನಿಷ್ಫಲವಾದುವು.

ಭಾರವೆಷ್ಟೆಂಬುದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು. ತಂತ್ರಾಂಶಗಳ ಕೈಪಿಡಿಗಳನ್ನು ಇರಿಸುವ ‘ರೀಡ್ ದ ಡಾಕ್ಸ್’ ಎಂಬ ತಾಣದಿಂದ ೨೦೨೪ನೆಯ ಮೇ ತಿಂಗಳಿನಲ್ಲಿ ಒಂದೇ ಬಾಟು ೭೩ ಟೆರಾಬೈಟುಗಳಷ್ಟು ಕಡತಗಳನ್ನು ಒಯ್ದಿತು. ಅದರಿಂದ ಆ ತಾಣಕ್ಕೆ ಬಿದ್ದ ವೆಚ್ಚ ೫,೦೦೦ ಡಾಲರಿಗೂ ಹೆಚ್ಚು. ವಿಕಿಮೀಡಿಯ ಪ್ರತಿಷ್ಠಾನವು ೨೦೨೫ನೆಯ ಏಪ್ರಿಲಿನಲ್ಲಿ ಪ್ರಕಟಿಸಿದ ಲೆಕ್ಕದಂತೆ, ಚಿತ್ರ ಮೊದಲಾದವುಗಳ ಸಾಗಣೆಯ ಭಾರವು ೨೦೨೪ನೆಯ ಜನವರಿಯಿಂದ ನೂರಕ್ಕೆ ೫೦ರಷ್ಟು ಏರಿತ್ತು. ಪುಟವೀಕ್ಷಣೆಗಳಲ್ಲಿ ಬಾಟುಗಳ ಪಾಲು ನೂರಕ್ಕೆ ೩೫ ಆಗಿದ್ದರೂ ಅತ್ಯಂತ ವೆಚ್ಚದ ಬೇಡಿಕೆಗಳಲ್ಲಿ ಅವುಗಳ ಪಾಲು ೬೫ ಆಗಿತ್ತು. ಕಾರಣವನ್ನೂ ಅಲ್ಲಿ ಹೇಳಿದೆ. ಬಹುಜನರು ಓದುವ ಪುಟದ ಪ್ರತಿಯು ಓದುಗರ ಸಮೀಪದ ಕೇಂದ್ರದಲ್ಲಿ ಸಿದ್ಧವಾಗಿರುತ್ತದೆ. ಅಪರೂಪದ ಪುಟವನ್ನು ಮೂಲಕೇಂದ್ರದಿಂದಲೇ ತರಬೇಕು. ಮನುಷ್ಯನು ಆಯ್ದು ಓದುತ್ತಾನೆ. ಬಾಟು ಎಲ್ಲವನ್ನೂ ಒಂದೇ ಸಮನೆ ಓದುತ್ತದೆ. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಕನ್ನಡದ ಹಳೆಯ ಗ್ರಂಥಗಳನ್ನುಳ್ಳ ವಿಕಿಸೋರ್ಸ್ ಸಂಗ್ರಹವೂ ಇದೇ ಪ್ರತಿಷ್ಠಾನದ ಆಶ್ರಯದಲ್ಲಿರುವುದರಿಂದ ಈ ಸಂಗತಿಯು ಕನ್ನಡ ಓದುಗರಿಗೆ ದೂರದ್ದೇನೂ ಅಲ್ಲ.

ಪ್ರತಿಷ್ಠಾನಕ್ಕೆ ಇಂಥ ಭಾರವನ್ನು ಹೊರಲು ಜನವೂ ಧನವೂ ಉಂಟು. ಸ್ವಂತ ಸರ್ವರನ್ನಿಟ್ಟವರಿಗೆ ಅವು ಇಲ್ಲ. ಕೆನಡಾದೇಶದ ತಂತ್ರಜ್ಞರಾದ ಷೀ ಯಾಸೊ ಎಂಬವರ ಸ್ವಂತ ಸರ್ವರಿಗೆ ದೊಡ್ಡ ಸಂಸ್ಥೆಯೊಂದರ ಬಾಟಿನಿಂದ ಉಪದ್ರವವಾಗಲು, ಅವರು ೨೦೨೫ನೆಯ ಜನವರಿಯಲ್ಲಿ ‘ಅನುಬಿಸ್’ ಎಂಬ ಕಾವಲುತಂತ್ರಾಂಶವನ್ನು ರಚಿಸಿದರು. ಮೃತನ ಹೃದಯವನ್ನು ಗರಿಯೊಂದಕ್ಕೆ ಸರಿದೂಗಿಸಿ ತೂಗುವ ಈಜಿಪ್ಟಿನ ದೇವತೆಯ ಹೆಸರದು. ಬಂದವನ ಯಂತ್ರವು ಪುಟವನ್ನು ಪಡೆಯುವುದಕ್ಕೆ ಮೊದಲು ಒಂದು ಗಣಿತವನ್ನು ಬಿಡಿಸಿ ತೋರಿಸಬೇಕು. ಒಬ್ಬ ಓದುಗನಿಗೆ ಅದು ಕ್ಷಣಗಳ ಕಾಯುವಿಕೆ, ಲಕ್ಷಾಂತರ ಪುಟಗಳನ್ನು ಬೇಡುವ ಬಾಟಿಗೆ ಭಾರವಾದ ವೆಚ್ಚ. ಬೇಡದ ಪತ್ರಗಳನ್ನು ತಡೆಯಲು ಕಳುಹಿಸುವವನಿಂದ ಗಣಿತದ ಶ್ರಮವನ್ನು ಕೇಳಬೇಕೆಂದು ಸಿಂಥಿಯ ಡ್ವರ್ಕ್ ಮತ್ತು ಮೋನಿ ನಾವೋರ್ ಎಂಬವರು ೧೯೯೨ರಲ್ಲಿಯೂ, ಆಡಂ ಬ್ಯಾಕ್ ಎಂಬವರು ೧೯೯೭ರಲ್ಲಿಯೂ ಸೂಚಿಸಿದ್ದ ತತ್ತ್ವವೇ ಇದರ ಬೀಜ. ಗ್ನೋಮ್ ಮೊದಲಾದ ಮುಕ್ತತಂತ್ರಾಂಶದ ಬಳಗಗಳು ಇದನ್ನು ಬೇಗನೆ ಅಂಗೀಕರಿಸಿದುವು. ಗಡಿಕಲ್ಲಿನ ಸ್ಥಾನದಲ್ಲಿ ಸುಂಕದ ಕಟ್ಟೆಯು ಬಂದಂತಾಯಿತು.

೭

ಈ ಪರಿವರ್ತನೆಯನ್ನು ಕೇವಲ ಅಭಿವೃದ್ಧಿಯೆಂದು ಎಣಿಸಲಾಗದು. ಗಡಿಕಲ್ಲು ಬಂದವನಿಗೆ ಮಾತು ಹೇಳುತ್ತಿತ್ತು. ಕಟ್ಟೆಯು ಎಲ್ಲರನ್ನೂ ಸಂಶಯಿಸುತ್ತದೆ. ಹಳೆಯ ಯಂತ್ರವುಳ್ಳವನು ಗಣಿತವನ್ನು ಬಿಡಿಸಲು ಹೆಚ್ಚು ಹೊತ್ತು ಕಾಯಬೇಕು. ಅಕ್ಷರಮಾತ್ರವನ್ನು ತೋರಿಸುವ ಸರಳ ಬ್ರೌಸರನ್ನು ಬಳಸುವವನಿಗೆ ಪ್ರವೇಶವೇ ದೊರೆಯದಿರಬಹುದು. ಶೋಧಯಂತ್ರವನ್ನೂ ತಡೆದರೆ ಓದುಗನಿಗೆ ದಾರಿಯೇ ಇಲ್ಲ. ಭಂಡಾರಗಳ ಗತಿಯೂ ವಿಚಾರಾರ್ಹ. ೧೯೯೬ರಲ್ಲಿ ಸ್ಥಾಪಿತವಾದ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯು ಅಳಿದುಹೋಗುವ ಪುಟಗಳ ಪ್ರತಿಗಳನ್ನು ಉಳಿಸುತ್ತ ಬಂದಿದೆ. ತಾಣವೊಂದು ಅಳಿದು ಅದರ ಹೆಸರು ಬೇರೆಯವರ ಕೈ ಸೇರಿದಾಗ, ಹೊಸ ಒಡೆಯರ ನಿಷೇಧದ ಕಡತದಿಂದಾಗಿ ಹಳೆಯ ಪ್ರತಿಗಳೂ ಮರೆಯಾಗುತ್ತಿದ್ದುವು. ಶೋಧಯಂತ್ರಗಳಿಗಾಗಿ ಬರೆದ ನಿಯಮವು ಭಂಡಾರದ ಉದ್ದೇಶಕ್ಕೆ ಹೊಂದುವುದಿಲ್ಲವೆಂದು ಆ ಸಂಸ್ಥೆಯು ೨೦೧೭ರಲ್ಲಿ ಹೇಳಿತು. ಇಲ್ಲಿ ಸಮಯವನ್ನು ಬಿಟ್ಟುದು ಲೋಭದಿಂದಲ್ಲವೆಂಬುದನ್ನು ಒಪ್ಪಬೇಕು. ಆದರೂ ಒಡೆಯನ ಮಾತಿಗಿಂತ ಸಂಗ್ರಾಹಕನ ಉದ್ದೇಶವು ದೊಡ್ಡದೆಂಬ ಇದೇ ವಾದವನ್ನು ಇತರರೂ ಹೂಡಬಹುದೆಂಬುದೂ ನಿಜ.

ಇದಕ್ಕಿಂತ ಗಂಭೀರವಾದ ನಷ್ಟ ಮತ್ತೊಂದುಂಟು. ಬಾಟುಗಳನ್ನು ತಾನೇ ತಡೆಯಲಾರದ ಒಡೆಯನು ದೊಡ್ಡ ಮಧ್ಯವರ್ತಿ ಸಂಸ್ಥೆಯ ಮರೆಹೊಗುತ್ತಾನೆ. ಅಂಥವುಗಳಲ್ಲಿ ಒಂದಾದ ಕ್ಲೌಡ್‌ಫ್ಲೇರ್ ಸಂಸ್ಥೆಯು ೨೦೨೫ನೆಯ ಜುಲೈ ೧ರಂದು, ತನ್ನಲ್ಲಿಗೆ ಹೊಸದಾಗಿ ಬರುವ ತಾಣಗಳಿಗೆ ಕೃತಕಬುದ್ಧಿಯ ಬಾಟುಗಳ ನಿಷೇಧವನ್ನೇ ಸಾಮಾನ್ಯ ನಿಯಮವಾಗಿಸಿ, ಬಾಟುಗಳಿಂದ ಹಣವನ್ನು ಕೇಳುವ ಏರ್ಪಾಡನ್ನೂ ಪ್ರಕಟಿಸಿತು. ಹಣ ಸಲ್ಲಬೇಕೆಂದು ಹೇಳುವ ೪೦೨ನೆಯ ಸಂಖ್ಯೆಯ ಉತ್ತರವು ಜಾಲದ ನಿಯಮಗಳಲ್ಲಿ ಬಹುಕಾಲದಿಂದ ಮೀಸಲಾಗಿದ್ದು ಬಳಕೆಗೆ ಬಾರದೆ ಉಳಿದಿತ್ತು. ಈಗ ಅದಕ್ಕೆ ಕೆಲಸ ಬಂದಿತು. ಈ ರಕ್ಷಣೆ ಉಪಯುಕ್ತವಾದುದೇ. ಆದರೆ ಓದುಗನಿಗೂ ಸರ್ವರಿಗೂ ನಡುವೆ ನಿಂತು ಯಾರು ಮನುಷ್ಯ, ಯಾರು ಬಾಟು ಎಂದು ತೀರ್ಮಾನಿಸುವವನು ಆಗ ಒಡೆಯನಲ್ಲ. ೧೯೯೪ರಲ್ಲಿ ಪರರ ಸರ್ವರಿನಲ್ಲಿದ್ದವನಿಗೆ ಇಲ್ಲದಿದ್ದ ಹಕ್ಕು ಯಾವುದೋ, ಸ್ವಂತ ಸರ್ವರುಳ್ಳವನಿಗೆ ವಿಶೇಷವಾಗಿ ದೊರೆತ ಹಕ್ಕು ಯಾವುದೋ, ಅದೇ ಹಕ್ಕು ಇಲ್ಲಿ ಮತ್ತೆ ಪರರ ಕೈ ಸೇರುತ್ತದೆ.

ಮೇಲಿನ ವಿಚಾರದಿಂದ ತಿಳಿಯಬರುವುದಿಷ್ಟು. ‘ರೋಬಾಟ್ಸ್.ಟೆಕ್ಸ್ಟ್’ ಕಡತವು ಮುರಿದ ಬೀಗವಲ್ಲ, ಪಾಲಿಸುವವರ ಹಿತವನ್ನು ಅವಲಂಬಿಸಿದ್ದ ಸಮಯ; ಪುಟವನ್ನು ಒಯ್ದವನು ಓದುಗನನ್ನು ಕಳುಹಿಸುವವರೆಗೆ ಅದು ನಿಂತಿತು, ಆ ಕೊಡುಕೊಳೆ ತಪ್ಪಿದಲ್ಲಿ ಕುಗ್ಗಿತು. ಆದುದರಿಂದ ಬೀಗಗಳನ್ನು ಬಲಪಡಿಸುವುದರಿಂದಲೇ ಹಿಂದಿನ ಸ್ಥಿತಿಯು ಮರಳಿ ಬರುವುದೆಂದು ಎಣಿಸುವುದು ಸಂಗತವಲ್ಲ. ಒಯ್ಯುವವನಿಗೂ ಒಡೆಯನಿಗೂ ನಡುವೆ ಯಾವ ಋಣವು ಇರಬೇಕೆಂಬುದು ಮೊದಲು ತೀರ್ಮಾನವಾಗಬೇಕು, ಅದನ್ನು ಮೀರಿದವನಿಗೆ ದಂಡವೇನೆಂಬುದೂ ಗೊತ್ತಾಗಬೇಕು. ಅಲ್ಲಿಯವರೆಗೆ ಸ್ವಂತ ಸರ್ವರನ್ನು ನಡೆಸುವವನು ಎರಡು ಕೆಲಸಗಳನ್ನೂ ಬಿಡುವಂತಿಲ್ಲ: ಕಟ್ಟೆಯನ್ನು ಕಾಯುತ್ತಲೇ ಇರಬೇಕು, ಗಡಿಕಲ್ಲನ್ನೂ ನೆಟ್ಟಿರಬೇಕು. ಅವನ ದಿನವಹಿಯಲ್ಲಿ ಇಂದಿಗೂ ಕೆಲವು ಬಾಟುಗಳು ಎಲ್ಲಕ್ಕೂ ಮೊದಲು ಆ ಸಣ್ಣ ಕಡತವನ್ನು ಕೇಳಿ, ಓದಿ, ನಿಷೇಧವಿದ್ದರೆ ಹಿಂದಿರುಗಿ ಹೋದುದು ದಾಖಲಾಗಿರುತ್ತದೆ.